ಸಣ್ಣ ವರ್ಕ್‌ಶಾಪ್ ಡಿಜಿಟಲ್ ಆಗಲು ಸರ್ಕಾರದ ನೆರವು: ಎಲ್ಲಿಂದ ಶುರು ಮಾಡಬೇಕು?

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ತಾರಿಹಾಳದಲ್ಲೋ ನಿಮ್ಮದೊಂದು ವರ್ಕ್‌ಶಾಪ್ ಇದೆ ಅಂದುಕೊಳ್ಳಿ. ವಾಲ್ವ್ ಬಾಡಿ ಟರ್ನಿಂಗ್, ಜೊತೆಗೆ ಒಂದಿಷ್ಟು ಜಾಬ್ ವರ್ಕ್. ಆರ್ಡರ್ ಕೊಡುವ ಕಂಪನಿಯವರು ಪ್ರತಿ ಬ್ಯಾಚಿನ ಲೆಕ್ಕ ಕೇಳುತ್ತಿದ್ದಾರೆ. ಸಾಫ್ಟ್‌ವೇರ್ ಮಾರುವವರು ದಿನಾ ಫೋನ್ ಮಾಡುತ್ತಾರೆ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ.

ಮೊದಲು ಒಂದು ನೋಟ್‌ಬುಕ್

ಯಾವ ಯಂತ್ರದ ಮುಂದೆ ಜಾಸ್ತಿ ಮಾಲು ಬಿದ್ದಿರುತ್ತದೋ ಅದರ ಪಕ್ಕ ಒಂದು ನೋಟ್‌ಬುಕ್ ಇಡಿ. ಯಂತ್ರ ನಿಂತದ್ದು ಎಷ್ಟು ಗಂಟೆಗೆ, ಮತ್ತೆ ಶುರುವಾದದ್ದು ಯಾವಾಗ, ಯಾಕೆ ನಿಂತಿತು? ಇಷ್ಟನ್ನು ಆಪರೇಟರ್ ಬರೆದರೆ ಸಾಕು. ‘ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ) ಇಲ್ಲ’, ‘ಡ್ರಾಯಿಂಗ್ ಬಂದಿಲ್ಲ’, ‘ಕರೆಂಟ್ ಹೋಗಿದೆ’, ‘ಇನ್‌ಸ್ಪೆಕ್ಷನ್‌ಗೆ ಕಾಯ್ತಾ ಇದೆ’. ಎರಡು ವಾರ ಹೀಗೆ ಬರೆಸಿ. ತಡವಾಗುತ್ತಿರುವುದು ಎಲ್ಲಿ ಅನ್ನೋದು ಕಣ್ಣಿಗೆ ಕಾಣುತ್ತದೆ. ಇನ್ಸರ್ಟ್ ಸಿಗದೆ ಯಂತ್ರ ನಿಲ್ಲುತ್ತಿದ್ದರೆ ನಿಮಗೆ ಬೇಕಾದದ್ದು ಸ್ಟೋರ್ಸ್ ಲೆಕ್ಕ, ಇಡೀ ಕಾರ್ಖಾನೆಯ ಲೆಕ್ಕ ಒಂದೆಡೆ ಇಡುವ ದುಬಾರಿ ಇಆರ್‌ಪಿ ಸಾಫ್ಟ್‌ವೇರ್ ಅಲ್ಲ.

ಒಂದು ಮಾತು: ಈ ಬರಹ ಇಟ್ಟುಕೊಂಡು ಆಪರೇಟರನ್ನು ಬೈಯಬೇಡಿ. ಬೈದರೆ ಮರುದಿನದಿಂದ ಸುಳ್ಳು ಲೆಕ್ಕ ಶುರುವಾಗುತ್ತದೆ.

ಕಾಗದಪತ್ರ

ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಇಲ್ಲದಿದ್ದರೆ ಮುಂದಿನ ಯಾವ ಬಾಗಿಲೂ ತೆರೆಯುವುದಿಲ್ಲ. ಆಧಾರ್, ಪ್ಯಾನ್, ಜಿಎಸ್‌ಟಿ ಸಂಖ್ಯೆ ಇದ್ದರೆ ನೀವೇ ಮಾಡಿಕೊಳ್ಳಬಹುದು. ಪೂರ್ತಿ ಉಚಿತ. ಸರ್ಕಾರಿ ಪೋರ್ಟಲ್‌ನಂತೆಯೇ ಕಾಣುವ ಖಾಸಗಿ ವೆಬ್‌ಸೈಟ್‌ಗಳು ದುಡ್ಡು ಕೇಳುತ್ತವೆ. ವಿಳಾಸದ ಕೊನೆಯಲ್ಲಿ ‘ಜಿಓವಿ ಡಾಟ್ ಇನ್’ ಇದೆಯೇ ನೋಡಿಕೊಳ್ಳಿ.

ಈಗಾಗಲೇ ನೋಂದಣಿ ಆಗಿದ್ದರೆ ಪ್ರಮಾಣಪತ್ರ ತೆಗೆದು ಚಟುವಟಿಕೆ ಯಾವುದು ಅಂತ ಓದಿ. ‘ವ್ಯಾಪಾರ’ ಅಂತ ಮಾತ್ರ ಇದ್ದರೆ ಆದ್ಯತಾ ವಲಯದ ಸಾಲ ಬಿಟ್ಟು ಬೇರೆ ಸೌಲಭ್ಯ ಸಿಗುವುದಿಲ್ಲ. ‘ಉತ್ಪಾದನೆ’ ಸೇರಿಸಿ ತಿದ್ದಿಸಿ. 2025ರ ಏಪ್ರಿಲ್ 1ರಿಂದ ಮಿತಿ ಹೆಚ್ಚಿದೆ: ಯಂತ್ರೋಪಕರಣದ ಮೇಲಿನ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ರೂಪಾಯಿ ಒಳಗಿದ್ದರೆ ನೀವು ‘ಮೈಕ್ರೋ’, ಅಂದರೆ ಅತಿ ಸಣ್ಣ ಘಟಕ. ಸಹಾಯಧನ ಜಾಸ್ತಿ ಸಿಗುವುದು ಇವರಿಗೇ.

ಜೆಡ್ ಮತ್ತು ಲೀನ್

ದೋಷವಿಲ್ಲದ, ಪರಿಸರಕ್ಕೆ ಹಾನಿಯಾಗದ ಉತ್ಪಾದನೆಗೆ ಪ್ರಮಾಣಪತ್ರ ಕೊಡುವ ಕೇಂದ್ರದ ಜೆಡ್ ಯೋಜನೆಯಲ್ಲಿ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಹಂತ. ಪ್ರಮಾಣೀಕರಣದ ಶುಲ್ಕದಲ್ಲಿ ಮೈಕ್ರೋ ಘಟಕಗಳಿಗೆ ಶೇ 80, ಸಣ್ಣವಕ್ಕೆ ಶೇ 60, ಮಧ್ಯಮ ಘಟಕಗಳಿಗೆ ಶೇ 50ರಷ್ಟನ್ನು ಸರ್ಕಾರ ಭರಿಸುತ್ತದೆ. ಕಂಚಿನಿಂದ ಶುರು ಮಾಡಿ. ಅಲ್ಲಿ ನೋಡುವುದು ಐದೇ ಅಂಶ. ಅದರಲ್ಲೊಂದು ಸಮಯಕ್ಕೆ ಡೆಲಿವರಿ ಆಗುತ್ತಿದೆಯೇ ಎಂಬ ಅಳತೆ. ನೋಟ್‌ಬುಕ್ ಬರೆಸಿದ್ದು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಕೆಲಸದಲ್ಲಿ ಆಗುವ ವ್ಯರ್ಥ ಕಡಿಮೆ ಮಾಡಿಸುವ ಲೀನ್ ಯೋಜನೆ 2023ರ ಮಾರ್ಚ್‌ನಲ್ಲಿ ಹೊಸ ರೂಪದಲ್ಲಿ ಶುರುವಾಯಿತು. ಸಲಹೆಗಾರರು ಕಾರ್ಖಾನೆಗೇ ಬಂದು ವ್ಯವಸ್ಥೆ ಸರಿಮಾಡುತ್ತಾರೆ. ಅವರ ಶುಲ್ಕದ ಶೇ 90ನ್ನು ಕೇಂದ್ರ ಕೊಡುತ್ತದೆ. ನನ್ನ ಪ್ರಕಾರ ಸಣ್ಣ ಘಟಕಕ್ಕೆ ಇದಕ್ಕಿಂತ ಒಳ್ಳೆಯ ನೆರವು ಇಲ್ಲ. ಅಸ್ತವ್ಯಸ್ತ ವರ್ಕ್‌ಶಾಪಿಗೆ ಸೆನ್ಸರ್ ಹಾಕಿದರೆ ಅದೇ ಅಸ್ತವ್ಯಸ್ತ ಪರದೆಯ ಮೇಲೆ ಕಾಣುತ್ತದೆ, ಅಷ್ಟೇ ಅಲ್ವಾ?

ಈಗ ಸೆನ್ಸರ್

ಹಳೇ ಲೇತ್ ಆದರೂ ಪರವಾಗಿಲ್ಲ. ಮೋಟರ್‌ಗೆ ಹೋಗುವ ಒಂದು ಫೇಸ್ ವೈರಿನ ಸುತ್ತ ಕರೆಂಟ್ ಸೆನ್ಸರ್ ಕ್ಲಿಪ್ ಮಾಡಿದರೆ ಸಾಕು, ವೈರ್ ಕತ್ತರಿಸಬೇಕಾಗಿಲ್ಲ. ಕಟ್ಟಿಂಗ್ ನಡೆಯುವಾಗ ಕರೆಂಟ್ ಏರುತ್ತದೆ, ಖಾಲಿ ತಿರುಗುವಾಗ ಇಳಿಯುತ್ತದೆ, ನಿಂತಾಗ ಸೊನ್ನೆ. ಯಂತ್ರ ಯಾವಾಗ ನಿಂತಿತು ಅನ್ನೋದು ಹೀಗೆ ಗೊತ್ತಾಗುತ್ತದೆ. ಕ್ಲಿಪ್ ಹಾಕುವ ಕೆಲಸ ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲೇ, ಮೇನ್ ಆಫ್ ಮಾಡಿ ಆಗಲಿ.

ಕೊಳ್ಳುವ ಮುನ್ನ ಕಣ್ಣಾರೆ ನೋಡಬೇಕಾದರೆ ಬೆಂಗಳೂರಿನ ಸಿಎಂಟಿಐ (ಕೇಂದ್ರ ಸರ್ಕಾರದ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ) ಮತ್ತು ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಕಾರ್ಖಾನೆಗಳಿಗೆ ಡಿಜಿಟಲ್ ತಂತ್ರಜ್ಞಾನ ತೋರಿಸುವ ಕೇಂದ್ರದ ‘ಸಮರ್ಥ್ ಉದ್ಯೋಗ್’ ಯೋಜನೆಯ ಕೇಂದ್ರಗಳಿವೆ. ಭೇಟಿಗೆ ಮೊದಲೇ ಸಮಯ ಕೇಳಿಕೊಳ್ಳಿ.

ದುಡ್ಡು

ಬ್ಯಾಂಕಿನವರು ಅಡಮಾನ ಕೇಳಿದರೆ ಸಣ್ಣ ಉದ್ದಿಮೆಗಳ ಸಾಲಕ್ಕೆ ಬ್ಯಾಂಕಿಗೆ ಖಾತರಿ ಕೊಡುವ ಟ್ರಸ್ಟ್ ಆದ ಸಿಜಿಟಿಎಂಎಸ್‌ಇಯ ಖಾತರಿಯಡಿ ಸಾಲ ಆಗುತ್ತದೆಯೇ ಅಂತ ವಿಚಾರಿಸಿ. ಖಾತರಿಯ ಮಿತಿ ಈಗ 10 ಕೋಟಿ ರೂಪಾಯಿ. ರಾಜ್ಯದ 2025–30ರ ಕೈಗಾರಿಕಾ ನೀತಿಯಲ್ಲಿ ನಿಮ್ಮ ತಾಲ್ಲೂಕಿಗೆ, ನಿಮ್ಮ ಯಂತ್ರಕ್ಕೆ ಏನು ಸಿಗುತ್ತದೆ ಅನ್ನೋದನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ. ಕೊಟೇಶನ್ ಕೈಯಲ್ಲಿರಲಿ, ಅಡ್ವಾನ್ಸ್ ಮಾತ್ರ ಆಮೇಲೆ ಕೊಡಿ.

ಆರ್ಡರ್‌ಗೆ ಸಹಿ ಹಾಕುವ ಮುನ್ನ ಮಾರುವವರನ್ನು ಎರಡು ಕೇಳಿ. ನಮ್ಮ ಡೇಟಾವನ್ನು ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳಬಹುದೇ? ಮುಂದಿನ ವರ್ಷ ದುಡ್ಡು ಕಟ್ಟದಿದ್ದರೆ ಹಳೇ ಲೆಕ್ಕ ಕಾಣುತ್ತದೆಯೇ? ಎರಡಕ್ಕೂ ‘ಹೌದು’ ಅಂತ ಬರೆದು ಕೊಡದಿದ್ದರೆ ಬೇರೆಯವರನ್ನು ನೋಡಿ.