ಕೇಸ್ ಶೀಟಿನ ಮೊದಲ ಸಾಲು

ಬೆಂಗಳೂರಿನಲ್ಲಿ ಮೋಟಾರು ಅಪಘಾತದ ಪರಿಹಾರ ಕೇಸುಗಳನ್ನು ನಡೆಸಲು ಶುರು ಮಾಡಿ 14 ವರ್ಷವಾಯಿತು. ಯಾರೇ ಬಂದರೂ ಈಗ ನಾನು ಮೊದಲು ಕೇಳುವುದು ಎಫ್‌ಐಆರ್ ಅಲ್ಲ, ಆಸ್ಪತ್ರೆಯ ಕೇಸ್ ಶೀಟ್. ಅದರಲ್ಲೂ ಮೊದಲ ಸಾಲು. ಗಾಯ ಹೇಗಾಯಿತು ಅಂತ ಕರೆತಂದವರು ಹೇಳಿದ್ದನ್ನು ಡ್ಯೂಟಿ ಡಾಕ್ಟರು ಅಲ್ಲೇ ಬರೆದುಕೊಂಡಿರುತ್ತಾರೆ.

ಈ ಅಭ್ಯಾಸ ಕಲಿಸಿದ್ದು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದ ಒಬ್ಬ ಹೆಣ್ಣುಮಗಳ ಕೇಸು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 32. ಒಂದು ಭಾನುವಾರ ತಮ್ಮನ ಬೈಕಿನ ಹಿಂದೆ ಕೂತು ಅಮ್ಮನ ಮನೆಗೆ ಹೊರಟಿದ್ದರು. ಜಾಲಹಳ್ಳಿ ಕ್ರಾಸ್ ಹತ್ತಿರ ಟೆಂಪೊ ಒಂದು ಓವರ್‌ಟೇಕ್ ಮಾಡಿ, ತಟ್ಟನೆ ಎಡಕ್ಕೆ ತಿರುಗಿ ಗುದ್ದಿತು. ಆಕೆಯ ಬಲಗೈ ಮಣಿಕಟ್ಟು ಮುರಿಯಿತು. ಆಪರೇಷನ್ ಮಾಡಿ ಪ್ಲೇಟ್ ಹಾಕಿದರು. ತಮ್ಮನ ಹತ್ತಿರ ಲೈಸೆನ್ಸ್ ಇರಲಿಲ್ಲ. ಪೊಲೀಸರು ಬಂದರೆ ತನ್ನ ಮೇಲೇ ಕೇಸಾಗುತ್ತದೆ ಅಂತ ಹೆದರಿ, ಆಸ್ಪತ್ರೆಯಲ್ಲಿ "ಸ್ಕಿಡ್ ಆಗಿ ಬಿದ್ವಿ" ಅಂದುಬಿಟ್ಟಿದ್ದ. ಡಾಕ್ಟರು ಹಾಗೇ ಬರೆದರು. ದೂರು ಕೊಟ್ಟಿದ್ದು ನಾಲ್ಕನೇ ದಿನ.

ವಿಮಾ ಕಂಪನಿಯ ವಕೀಲರಿಗೆ ಅಷ್ಟು ಸಾಕಾಯಿತು. ಬೈಕ್ ತಾನಾಗೇ ಬಿದ್ದಿದೆ, ದುಡ್ಡಿಗೋಸ್ಕರ ಟೆಂಪೊವನ್ನು ಆಮೇಲೆ ತಂದು ಸೇರಿಸಿದ್ದಾರೆ ಎಂದು ವಾದಿಸಿದರು. ಅಂಥ ಸುಳ್ಳು ಕೇಸುಗಳೂ ಬರುತ್ತವೆ, ಅವರು ಅನುಮಾನ ಪಟ್ಟಿದ್ದು ತಪ್ಪು ಅನ್ನಲಾರೆ.

ನನ್ನ ಹತ್ತಿರ ಬಂದಾಗ ಅಪಘಾತವಾಗಿ ಒಂದು ವಾರವಾಗಿತ್ತು. ಅವತ್ತೇ ಸಂಜೆ ಜಾಗಕ್ಕೆ ಹೋದೆ. ಎದುರಿಗೆ ಬೇಕರಿ, ಅದರ ಬಾಗಿಲ ಮೇಲೆ ಕ್ಯಾಮೆರಾ. "ಎಂಟು ದಿನದ್ದು ಇರುತ್ತೆ ಸಾರ್, ಆಮೇಲೆ ಅಳಿಸಿಹೋಗುತ್ತೆ" ಅಂದರು ಅಂಗಡಿಯವರು. ತಕ್ಷಣ ಠಾಣೆಗೆ ಹೋಗಿ ತನಿಖಾಧಿಕಾರಿಗೆ ಅರ್ಜಿ ಬರೆದುಕೊಟ್ಟೆ. ಮಾರನೇ ದಿನ ಅವರು ಕ್ಯಾಮೆರಾದ ರೆಕಾರ್ಡಿಂಗನ್ನು ವಶಕ್ಕೆ ತೆಗೆದುಕೊಂಡರು. ಗುದ್ದಿದ ಕ್ಷಣ ಕಂಬದ ಮರೆಯಲ್ಲಿತ್ತು. ಆದರೆ ಟೆಂಪೊ ತಿರುಗಿದ್ದು, ಜನ ಅತ್ತ ಓಡಿದ್ದು ಕಂಡಿತು. ಮೋಟಾರು ವಾಹನ ಇನ್ಸ್‌ಪೆಕ್ಟರರ ವರದಿಯಲ್ಲಿ ಟೆಂಪೊದ ಎಡ ಇಂಡಿಕೇಟರ್ ಒಡೆದಿತ್ತು, ಬೈಕಿನ ಹ್ಯಾಂಡಲ್ ಬಲಗಡೆ ಬಗ್ಗಿತ್ತು. ಎರಡೂ ಒಂದಕ್ಕೊಂದು ಹೊಂದಿದವು.

ಸಾಕ್ಷಿ ಹೇಳುವ ಹಿಂದಿನ ದಿನ ತಮ್ಮ ಕೇಳಿದ: "ಸಾರ್, ಲೈಸೆನ್ಸ್ ಇರಲಿಲ್ಲ ಅಂತ ಹೇಳಿದ್ರೆ ಅಕ್ಕನ ಕೇಸು ಹೋಗಲ್ವಾ?"

"ಹೋಗಲ್ಲಪ್ಪ. ಹಿಂದೆ ಕೂತಿದ್ದ ಅಕ್ಕನ ತಪ್ಪೇನು? ಸುಳ್ಳು ಹೇಳಿ ಸಿಕ್ಕಿಹಾಕಿಕೊಂಡರೆ ಮಾತ್ರ ಹೋಗುತ್ತೆ."

ಅಪಘಾತ ಪರಿಹಾರದ ಕೇಸು ನಡೆಯುವ ಮೇಯೋ ಹಾಲ್‌ನ ಟ್ರಿಬ್ಯೂನಲ್‌ನಲ್ಲಿ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಆಸ್ಪತ್ರೆಯಲ್ಲಿ ಯಾಕೆ ಸುಳ್ಳು ಹೇಳಿದೆ ಎಂಬುದನ್ನೂ ಸೇರಿಸಿ. ದೂರು ತಡವಾಯಿತು ಅನ್ನುವುದೊಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅಪಘಾತ ಆಗಿದ್ದು ಟೆಂಪೊದಿಂದಲೇ ಎಂದು ತೀರ್ಮಾನವಾಯಿತು.

ನನಗೆ ಜಾಸ್ತಿ ಚಿಂತೆ ಇದ್ದದ್ದು ಅಂಗವೈಕಲ್ಯದ್ದು. ಡಾಕ್ಟರು ಆ ಕೈಗೆ 33%, ಇಡೀ ದೇಹಕ್ಕೆ 11% ಅಂತ ಬರೆದಿದ್ದರು. ಆದರೆ ದೇಹಕ್ಕೆ ಎಷ್ಟು ಪೆಟ್ಟು ಅನ್ನುವುದಕ್ಕಿಂತ ದುಡಿಮೆಗೆ ಎಷ್ಟು ಪೆಟ್ಟು ಅನ್ನುವುದನ್ನು ನೋಡಬೇಕು. ಇದನ್ನೂ ಸುಪ್ರೀಂ ಕೋರ್ಟ್ ಹೇಳಿದೆ. ನನ್ನ ಚೇಂಬರಿನ ಮೇಜಿನ ಮೇಲೆ ಆಕೆ ಒಂದು ಕಾಲರ್ ತುಂಡು ಇಟ್ಟು ತೋರಿಸಿದರು. ಕಾಲರಿನ ತಿರುವು ಬಂದಾಗ ಅಂಗೈ ಬಟ್ಟೆಯನ್ನು ಒತ್ತಿ ಹಿಡಿದಿರಬೇಕು, ಮಣಿಕಟ್ಟು ತಿರುಗಬೇಕು. ಅವರದು ಅರ್ಧಕ್ಕೇ ನಿಂತಿತು. ಉಳಿದರ್ಧಕ್ಕೆ ಮೊಣಕೈಯನ್ನೇ ಮೇಲೆತ್ತಿದರು. ಬಟ್ಟೆ ಜಾರಿತು. "ಗಂಟೆಗೆ ಇಷ್ಟು ಪೀಸ್ ಅಂತ ಇರುತ್ತೆ ಸಾರ್, ಹೀಗೆ ಮಾಡಿದರೆ ಆಗಲ್ಲ" ಅಂದರು.

ಅದನ್ನೇ ಸಾಕ್ಷಿಯಲ್ಲಿ ಹೇಳಿಸಿದೆ. ಫ್ಯಾಕ್ಟರಿಯ ಎಚ್‌ಆರ್‌ನವರಿಗೆ ಸಮನ್ಸ್ ಕಳಿಸಿ ಹಾಜರಾತಿ, ಸಂಬಳದ ಚೀಟಿ ತರಿಸಿದೆ. ಟೈಲರ್ ಆಗಿದ್ದವರನ್ನು ದಾರ ಕತ್ತರಿಸುವ ಹೆಲ್ಪರ್ ಕೆಲಸಕ್ಕೆ ಹಾಕಿದ್ದು ಅದರಲ್ಲೇ ಇತ್ತು.

ಲೆಕ್ಕ ಹೀಗೆ. ತಿಂಗಳಿಗೆ 13,000 ರೂಪಾಯಿ, ವರ್ಷಕ್ಕೆ 1,56,000. ಇದನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ, ಅಂದರೆ ಗುಣಕದಿಂದ, ಗುಣಿಸುತ್ತಾರೆ. 31ರಿಂದ 35 ವಯಸ್ಸಿನವರಿಗೆ ಗುಣಕ 16, ಅಲ್ಲಿಗೆ 24,96,000. ಇದರಲ್ಲಿ 11% ಅಂದರೆ 2,74,560. ನಾನು 30% ಕೇಳಿದ್ದೆ. ಟ್ರಿಬ್ಯೂನಲ್ 25% ಒಪ್ಪಿತು: 6,24,000. ಆಸ್ಪತ್ರೆ ಖರ್ಚು, ನೋವು, ಕಳೆದ ಸಂಬಳ ಇವೆಲ್ಲ ಬೇರೆ. ಆ ಕಾಲರ್ ತುಂಡನ್ನು ನೋಡದೇ ಇದ್ದಿದ್ದರೆ ನಾನೂ 11%ಕ್ಕೇ ಸುಮ್ನೆ ಇರುತ್ತಿದ್ದೆನೇನೋ.

ಆಸ್ಪತ್ರೆಯಲ್ಲಿ ತಪ್ಪಾಗಿ ಬರೆಸಿದ್ದೀರಾ? ಮೆಡಿಕಲ್ ಸೂಪರಿಂಟೆಂಡೆಂಟ್‌ಗೆ ನಿಜ ಬರೆದು ಪತ್ರ ಕೊಡಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ತಡವಾದ ಕಾರಣವನ್ನು ಪೊಲೀಸ್ ದೂರಿನಲ್ಲೇ ಬರೆಯಿರಿ. 2022ರ ಏಪ್ರಿಲ್ 1ರಿಂದ ಪರಿಹಾರದ ಅರ್ಜಿಗೆ 6 ತಿಂಗಳ ಗಡುವು ಬಂದಿದೆ, ಗಾಯ ಪೂರ್ತಿ ವಾಸಿಯಾಗಲಿ ಅಂತ ಕಾಯಬೇಡಿ.

ಅರ್ಧ ಹಣವನ್ನು ಆಕೆಯ ಹೆಸರಲ್ಲಿ ಠೇವಣಿ ಇಡಲು ಆದೇಶವಾಯಿತು. ಉಳಿದದ್ದರಲ್ಲಿ ಆಪರೇಷನ್‌ಗೆ ಮಾಡಿದ್ದ ಕೈಸಾಲ ತೀರಿತು. ಪ್ಲೇಟ್ ತೆಗೆಸುವುದು ಇನ್ನೂ ಬಾಕಿ ಇದೆ. ಅದರ ಖರ್ಚನ್ನೂ ಡಾಕ್ಟರಿಂದ ಅಂದಾಜು ಬರೆಸಿಕೊಂಡು ಅರ್ಜಿಯಲ್ಲೇ ಕೇಳಿದ್ದೆವು, ಸಿಕ್ಕಿದೆ.