ಸಾಲಪತ್ರಕ್ಕೊಂದು ಮಣ್ಣಿನ ಲಕೋಟೆ

ಮೂವತ್ತೊಂದು ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿ ಕುಳಿತವನಿಗೆ ವಸ್ತುಸಂಗ್ರಹಾಲಯಕ್ಕೆ ಹೋದರೂ ಕಣ್ಣು ಹೊರಳುವುದು ಲೆಕ್ಕಪತ್ರದ ಕಡೆಗೇ. ನಿವೃತ್ತನಾದ ಮರುವರ್ಷ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿದ್ದಾಗ, ಇಂದಿನ ಇರಾಕಿನಲ್ಲಿದ್ದ ಪ್ರಾಚೀನ ಊರ್ ನಗರದ ರಾಜಸಮಾಧಿಗಳಲ್ಲಿ ದೊರೆತ ಚಿನ್ನದ ಒಡವೆಗಳ ಮುಂದೆ ಜನ ಗುಂಪುಗೂಡಿದ್ದರೆ, ನಾನು ಅಂಗೈಯಲ್ಲಿ ಹಿಡಿಸುವ ಮಣ್ಣಿನ ಫಲಕಗಳನ್ನಿಟ್ಟ ಗಾಜಿನ ಪೆಟ್ಟಿಗೆಗಳ ಮುಂದೆ ಸುಮಾರು ಎರಡು ಗಂಟೆ ಕಳೆದೆ. ಕ್ರಿ.ಪೂ. 3100–3000ರ ಸುಮಾರಿನ ಒಂದು ಫಲಕದಲ್ಲಿ ಕೆಲಸದಾಳುಗಳಿಗೆ ಹಂಚಿದ ಬಿಯರಿನ ಲೆಕ್ಕವಿದೆ. ಬುಡ ಚೂಪಾದ ಹೂಜಿಯ ಚಿತ್ರವೆಂದರೆ ಬಿಯರ್, ಬಟ್ಟಲಿಗೆ ಬಾಯಿಟ್ಟ ಮನುಷ್ಯನ ತಲೆಯೆಂದರೆ ಪಡಿ, ಗುಂಡನೆಯ ಹಾಗೂ ಅರೆಗುಂಡನೆಯ ಕುಳಿಗಳೆಂದರೆ ಅಳತೆ. ಬರೆದವನು ಕವಿಯಲ್ಲ, ಉಗ್ರಾಣದ ಗುಮಾಸ್ತ. ನನ್ನ ಜಾತಿಯವನು ಎಂದುಕೊಂಡೆ.

ಅದೇ ಸಂಗ್ರಹದಲ್ಲಿ ಕ್ರಿ.ಪೂ. 1750ರ ಸುಮಾರಿನ ಒಂದು ದೂರಿನ ಪತ್ರವಿದೆ. ಊರ್ ನಗರದ ತಾಮ್ರದ ವ್ಯಾಪಾರಿ ಏಯಾ-ನಾಸಿರ್ ಎಂಬವನಿಗೆ ನನ್ನಿ ಎಂಬ ಗಿರಾಕಿ ಅಕ್ಕಾಡಿಯನ್ ಭಾಷೆಯಲ್ಲಿ ಬರೆಸಿದ್ದು, ಎತ್ತರ 11.6 ಸೆಂಟಿಮೀಟರ್, ಅಗಲ 5 ಸೆಂಟಿಮೀಟರ್. ಒಳ್ಳೆಯ ಗಟ್ಟಿಗಳನ್ನು ಕೊಡುತ್ತೇನೆಂದು ಹೇಳಿ ಕಳಪೆ ಮಾಲು ತೋರಿಸಿದೆ, ಶತ್ರುಗಳ ಸೀಮೆಯನ್ನು ದಾಟಿ ಬಂದ ನನ್ನ ಆಳನ್ನು ಬರಿಗೈಯಲ್ಲಿ ಹಿಂದಕ್ಕಟ್ಟಿದೆ, ಇನ್ನು ಮುಂದೆ ತಾಮ್ರವನ್ನು ನನ್ನ ಅಂಗಳದಲ್ಲೇ ಒಂದೊಂದಾಗಿ ಆರಿಸಿಕೊಳ್ಳುತ್ತೇನೆ ಎಂಬುದು ಅದರ ಸಾರಾಂಶ. ಈ ಪತ್ರವನ್ನು ನೋಡಿ ನಗದವರಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅದರ ನಡುವೆ ಬರುವ ಇನ್ನೊಂದು ಮಾತು: ಶಮಾಶ್ ದೇವರ ಗುಡಿಯಲ್ಲಿ ಇರಿಸುವುದಕ್ಕೆಂದು ತಾವು ಬರೆಸಿಕೊಟ್ಟ ಮುದ್ರೆಯೊತ್ತಿದ ಫಲಕದ ಪ್ರಸ್ತಾಪ. ಶಮಾಶ್ ಎಂದರೆ ಸೂರ್ಯ, ನ್ಯಾಯದ ದೇವರೂ ಅವನೇ. ದಾಖಲೆಯನ್ನು ಎರಡೂ ಕಡೆಯವರ ಕೈಗೆ ಸಿಗದ ಜಾಗದಲ್ಲಿ ಭದ್ರವಾಗಿಡುವ ಪದ್ಧತಿ ಅಂದೇ ಇತ್ತೆಂದಾಯಿತು. ಹಾಗಾದರೆ ಮಣ್ಣಿನ ಮೇಲಿನ ಬರಹವನ್ನು ಯಾರೂ ತಿದ್ದದಂತೆ ಕಾಯುತ್ತಿದ್ದದ್ದು ಹೇಗೆ ಎಂಬ ಪ್ರಶ್ನೆ ಊರಿಗೆ ಮರಳಿದ ಮೇಲೂ ತಲೆಯಿಂದ ಇಳಿಯಲಿಲ್ಲ.

ಉತ್ತರ ಪುಸ್ತಕಗಳಲ್ಲಿದೆ. ಕರಾರನ್ನು ಒಂದು ಫಲಕದಲ್ಲಿ ಬರೆದು, ಅದರ ಸುತ್ತ ತೆಳುವಾದ ಮಣ್ಣಿನ ಹೊದಿಕೆ ಹಾಕಿ, ಹೊದಿಕೆಯ ಮೇಲೆ ಅದೇ ಒಕ್ಕಣೆಯನ್ನು ಮತ್ತೆ ಬರೆದು, ಸಾಕ್ಷಿಗಳ ಮುದ್ರೆಗಳನ್ನು ಉರುಳಿಸುತ್ತಿದ್ದರು. ತಗಾದೆ ಬಂದರೆ ನ್ಯಾಯಾಧೀಶರ ಎದುರು ಹೊದಿಕೆಯನ್ನು ಒಡೆದು ಒಳಗಿನ ಮೂಲವನ್ನು ನೋಡುವುದು. ಹೊರಗಿನದು ದಿನನಿತ್ಯದ ಓದಿಗೆ, ಒಳಗಿನದು ಜಗಳದ ದಿನಕ್ಕೆ. ಓದಿದಾಗ ಇದು ಬಹಳ ಸುಲಭವೆನಿಸಿತು. ಮನೆಯಲ್ಲೇ ಒಂದು ಮಾಡಿ ನೋಡುವ ಹುಚ್ಚು ಹಿಡಿದದ್ದು ಆಗಲೇ.

ಮೈಸೂರಿನ ನಮ್ಮ ಬಡಾವಣೆಯ ಬಳಿ ಗಣಪತಿ ವಿಗ್ರಹ ಮಾಡುವ ಕುಂಬಾರರೊಬ್ಬರಿಂದ ಐದು ಕಿಲೋ ಜೇಡಿಮಣ್ಣು ತಂದೆ. ನೀರಿನಲ್ಲಿ ಕದಡಿ, ಹಳೆಯ ಪಂಚೆಯಲ್ಲಿ ಸೋಸಿ, ಮರಳು ಮತ್ತು ಬೇರುಗಳನ್ನು ತೆಗೆದು, ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗುವವರೆಗೆ ನಾದಿದೆ. ಬರೆಯಲು ಕೆರೆಯಂಚಿನ ಜೊಂಡಿನ ಕಡ್ಡಿಯೊಂದನ್ನು ಕುಯ್ದು ತಂದೆ. ಇಲ್ಲಿ ಮೊದಲ ತಪ್ಪಾಯಿತು. ಪೆನ್ಸಿಲಿನಂತೆ ಹಿಡಿದು ಗೀರಿದಾಗ ಗೀಟಿನ ಇಕ್ಕೆಲಗಳಲ್ಲೂ ಮಣ್ಣು ಏರಿಯಂತೆ ಎದ್ದು, ಪಕ್ಕದ ಗುರುತನ್ನು ಮುಚ್ಚಿಹಾಕಿತು. ಈ ಲಿಪಿಯನ್ನು ಗೀರಿ ಬರೆಯುವುದಿಲ್ಲ, ಒತ್ತಿ ಬರೆಯುತ್ತಾರೆ. ಕಡ್ಡಿಯ ತುದಿಯನ್ನು ನೇರವಾಗಿ ಕತ್ತರಿಸಿ ಅದರ ಒಂದು ಮೂಲೆಯನ್ನು ಊರಿದರೆ ತಲೆ ಅಗಲ, ಬಾಲ ಸಪೂರವಾದ ಮೊಳೆ ತಾನಾಗಿ ಮೂಡುತ್ತದೆ. ಕನ್ನಡದಲ್ಲಿ ಇದನ್ನು ಬೆಣೆಲಿಪಿ ಎನ್ನುವುದು ಎಷ್ಟು ಸರಿಯೆಂದು ಕೈಗೆ ಗೊತ್ತಾಯಿತು. ನಿಂತ ಬೆಣೆ, ಮಲಗಿದ ಬೆಣೆ, ಮೂಲೆಯನ್ನು ಮಾತ್ರ ಊರಿದ ಗುರುತು, ಈ ಮೂರು ಕೈವಶವಾದರೆ ಉಳಿದದ್ದು ಜೋಡಣೆ. ಕಡ್ಡಿಗಿಂತ ಹೆಚ್ಚು ತಿರುಗುವುದು ಎಡಗೈಯಲ್ಲಿರುವ ಫಲಕ. ಫಲಕಗಳು ಅಂಗೈಯಳತೆಗೆ ಇರುವುದೇಕೆ, ಮುಂಬದಿ ಚಪ್ಪಟೆಯಾಗಿ ಹಿಂಬದಿ ಉಬ್ಬಿರುವುದೇಕೆ ಎಂಬುದಕ್ಕೆ ಬೇರೆ ವಿವರಣೆ ನನಗೆ ಬೇಕೆನಿಸಲಿಲ್ಲ.

ಬರೆಯಲು ಆರಿಸಿಕೊಂಡದ್ದು ನನಗೆ ಗೊತ್ತಿರುವ ವಿಷಯವನ್ನೇ: ಹತ್ತು ಶೆಕೆಲ್ ಬೆಳ್ಳಿಯ ಸಾಲ. ಶೆಕೆಲ್ ಎಂದರೆ ಸುಮಾರು 8.3 ಗ್ರಾಂ, ಅರವತ್ತು ಶೆಕೆಲಿಗೆ ಒಂದು ಮಿನಾ. ಚಿನ್ನದ ಸಾಲಕ್ಕೆ ತಕ್ಕಡಿ ಹಿಡಿದವನ ಲೆಕ್ಕದಲ್ಲಿ ನನ್ನ ಸಾಲ ಏಳು ತೊಲಕ್ಕಿಂತ ಸ್ವಲ್ಪ ಹೆಚ್ಚು. ಅವರ ತೂಕದ ಕಲ್ಲುಗಳಲ್ಲಿ ಕೆಲವು ಕತ್ತನ್ನು ಹಿಂದಕ್ಕೆ ಮಡಿಸಿ ಬೆನ್ನ ಮೇಲಿಟ್ಟು ಮಲಗಿದ ಬಾತುಕೋಳಿಯ ಆಕಾರದಲ್ಲಿವೆ. ನಮ್ಮ ಶಾಖೆಯ ತೂಕದ ಪೆಟ್ಟಿಗೆಯಲ್ಲಿ ಅಂಥದ್ದೊಂದಿದ್ದರೆ ಆಡಿಟ್ ದಿನಗಳು ಸ್ವಲ್ಪ ಹಗುರಾಗುತ್ತಿದ್ದವೇನೋ. ಬಡ್ಡಿಯ ದರ ಹುಡುಕುವ ಕಷ್ಟವೂ ಇರಲಿಲ್ಲ, ಏಕೆಂದರೆ ಅರಸ ಹಮ್ಮುರಾಬಿಯ ಕಾಲದ ಬ್ಯಾಬಿಲೋನಿಯಾದಲ್ಲಿ ಬೆಳ್ಳಿಗೆ ನೂರಕ್ಕೆ 20, ಬಾರ್ಲಿಗೆ ಮೂರನೆಯ ಒಂದು ಪಾಲು ಎಂಬ ದರ ಬಳಕೆಯಲ್ಲಿತ್ತು. ಬೇಸಾಯಗಾರನಿಗೇ ಹೆಚ್ಚಿನ ಬಡ್ಡಿ! ಬೆಳೆಸಾಲಕ್ಕೆ ರಿಯಾಯಿತಿ ದರ ಕೊಟ್ಟು ರೂಢಿಯಾದ ನಮಗೆ ಇದು ತಲೆಕೆಳಗು ಅನ್ನಿಸುತ್ತದೆ. ಇಂಥ ಸಾಲ ಮಿತಿಮೀರಿದಾಗ ಅರಸರು ಮನ್ನಾ ಘೋಷಿಸುತ್ತಿದ್ದರು. ಹಮ್ಮುರಾಬಿಯ ವಂಶದ ಅಮ್ಮಿಸಾದುಕನ ಆಜ್ಞೆಯಲ್ಲಿ ಬಾರ್ಲಿ ಮತ್ತು ಬೆಳ್ಳಿಯ ಕೈಸಾಲಗಳನ್ನು ರದ್ದುಮಾಡಿ, ವ್ಯಾಪಾರದ ಪಾಲುಗಾರಿಕೆಗೆ ಕೊಟ್ಟ ಹಣವನ್ನು ಮಾತ್ರ ಹೊರಗಿಟ್ಟಿದ್ದಾರೆ. ಮನ್ನಾದ ಸುತ್ತೋಲೆ ಬಂದಾಗ ಯಾವ ಖಾತೆ ಅದರೊಳಗೆ ಬರುತ್ತದೆ, ಯಾವುದು ಬರುವುದಿಲ್ಲವೆಂದು ರಾತ್ರಿಯವರೆಗೆ ಪಟ್ಟಿ ಮಾಡಿದ ನನಗೆ ಆ ಕಾಲದ ಗುಮಾಸ್ತರ ಮೇಲೆ ಅನುಕಂಪ ಹುಟ್ಟಿತು.

ಒಳಗಿನ ಫಲಕ ಎರಡು ಸಂಜೆಗಳಲ್ಲಿ ಮುಗಿಯಿತು. ಲಕೋಟೆಗೆ ಮಾತ್ರ ಒಂದು ತಿಂಗಳು ಹಿಡಿಯಿತು.

ಮೊದಲ ಸಲ ಫಲಕ ಇನ್ನೂ ಹಸಿಯಾಗಿರುವಾಗಲೇ ಹೊದಿಕೆ ಹಾಕಿದೆ. ಎರಡೂ ಒಂದಾಗಿ ಅಂಟಿಕೊಂಡು ಬರಹವೆಲ್ಲ ನುಂಗಿಹೋಯಿತು. ಎರಡನೆಯ ಸಲ ಫಲಕವನ್ನು ನಾಲ್ಕು ದಿನ ಬಿಸಿಲಲ್ಲಿ ಕಟಕಟನೆ ಒಣಗಿಸಿ ಹೊದಿಸಿದೆ. ಒಣಮಣ್ಣು ಹೊದಿಕೆಯ ನೀರನ್ನು ಹೀರಿತು, ಹೊದಿಕೆ ಕುಗ್ಗಲು ನೋಡಿತು, ಒಳಗಿನದು ಜಗ್ಗಲಿಲ್ಲ, ಬೆಳಗಾಗುವಷ್ಟರಲ್ಲಿ ನಾಲ್ಕು ಕಡೆ ಸೀಳಿತ್ತು. ಆ ತುಂಡುಗಳನ್ನು ಚೀಲದಲ್ಲಿ ಹಾಕಿಕೊಂಡು ಕುಂಬಾರರ ಬಳಿಗೆ ಹೋದೆ. ಅವರು ಉಗುರಿನಿಂದ ಒಮ್ಮೆ ಕೆರೆದು ನೋಡಿ, "ನೆರಳಲ್ಲಿ ಒಣಗಿಸಿ ಸಾರ್, ಬಿಸಿಲು ಕಂಡರೆ ಮಣ್ಣು ಬಾಯಿ ಬಿಡ್ತದೆ. ಒಳಗಿಂದು ಉಗುರಿಗೆ ಗುರುತು ಕೊಡಬೇಕು, ಬೆರಳಿಗೆ ಅಂಟಬಾರದು, ಆ ಹದದಲ್ಲಿ ಹೊದಿಸಿ" ಎಂದರು. ಹಾಗೆಯೇ ಮಾಡಿದೆ. ಫಲಕದ ಮೇಲೆ ಒಣ ಜೇಡಿಯ ಪುಡಿ ಉದುರಿಸಿ, ಲಟ್ಟಿಸಿದ ಮಣ್ಣಿನ ಹಾಳೆಯನ್ನು ಕಡುಬಿನ ಕಣಕದಂತೆ ಸುತ್ತ ಮಡಿಸಿ, ಅಂಚುಗಳನ್ನು ಒದ್ದೆ ಬೆರಳಿನಿಂದ ಬೆಸೆದೆ. ಹೊದಿಕೆ ಮೆತ್ತಗಿರುವಾಗಲೇ ಒಕ್ಕಣೆಯನ್ನು ಮತ್ತೊಮ್ಮೆ ಒತ್ತಿ, ಒದ್ದೆ ಬಟ್ಟೆ ಮುಚ್ಚಿ ಒಂಬತ್ತು ದಿನ ಅಟ್ಟದ ಮೇಲಿಟ್ಟೆ. ಕೂದಲೆಳೆಯಂಥ ಒಂದು ಬಿರುಕು ಬಿಟ್ಟರೆ ಬೇರೇನೂ ಆಗಲಿಲ್ಲ.

ಹೊದಿಸಿದ ದಿನವೇ ಮುದ್ರೆಯ ಕೆಲಸವೂ ಆಗಬೇಕಾಗಿತ್ತು. ಅವರ ಮುದ್ರೆ ಕಿರುಬೆರಳಿನ ತುದಿಯಷ್ಟು ದೊಡ್ಡ ಕಲ್ಲಿನ ಉರುಳೆ. ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೆತ್ತಿದ್ದನ್ನು ಹಸಿಮಣ್ಣಿನ ಮೇಲೆ ಉರುಳಿಸಿದರೆ ಚಿತ್ರ ಸರಿಯಾಗಿ ಮೂಡುತ್ತದೆ, ಉರುಳಿಸಿದಷ್ಟೂ ಮುಂದುವರಿಯುತ್ತದೆ. ಬಳಪದ ಕಲ್ಲಿನ ಚೂರನ್ನು ಉಜ್ಜಿ ಉರುಳೆ ಮಾಡಿ, ಒಂದು ತಾಳೆಮರ ಮತ್ತು ಒಂದು ಮೇಕೆಯನ್ನು ಕೆತ್ತಿದೆ, ಮೇಕೆ ನಾಯಿಯಂತಾಗಿದೆ. ಆದರೆ ಸಾಲಗಾರನ ಪಾತ್ರಕ್ಕೆ ನನ್ನ ಹೆಂಡತಿಯನ್ನು ಒಪ್ಪಿಸಿದ್ದೆ, ಅವಳ ಬಳಿ ಮುದ್ರೆಯಿರಲಿಲ್ಲ. ಇದಕ್ಕೂ ಬ್ಯಾಬಿಲೋನಿಯಾದಲ್ಲಿ ವ್ಯವಸ್ಥೆಯಿತ್ತು: ಮುದ್ರೆಯಿಲ್ಲದವರು ಉಗುರನ್ನಾಗಲಿ ತೊಟ್ಟ ಬಟ್ಟೆಯ ಅಂಚನ್ನಾಗಲಿ ಮಣ್ಣಿಗೆ ಒತ್ತಬೇಕು. ಕೌಂಟರಿನಲ್ಲಿ ಶಾಯಿಯ ಪ್ಯಾಡನ್ನು ಮುಂದಿಟ್ಟಾಗ ಹೆಬ್ಬೆರಳನ್ನು ಸೀರೆಗೆ ಒರೆಸಿಕೊಂಡು ಮುಂದೆ ಚಾಚುತ್ತಿದ್ದ ಅಜ್ಜಿಯರೆಲ್ಲ ನೆನಪಾದರು. ಅವಳ ಇಳಕಲ್ ಸೀರೆಯ ಸೆರಗಿನ ತುದಿಯನ್ನು ಹೊದಿಕೆಯ ಎಡಮೂಲೆಗೆ ಒತ್ತಿದೆ. "ಹತ್ತು ಶೆಕೆಲ್ ಎಲ್ರೀ? ಸೆರಗನ್ನ ಅಡ ಇಡಿಸ್ಕೊಂಡ್ರಿ, ಬೆಳ್ಳಿ ಮಾತ್ರ ಕೈಗೆ ಬರ್ಲಿಲ್ಲ" ಎಂದಳು. ನೇಯ್ಗೆಯ ಒಂದೊಂದು ಎಳೆಯೂ, ಅಂಚಿನ ಗಂಟುಗಳೂ ಮಣ್ಣಿನಲ್ಲಿ ಎಣಿಸುವಷ್ಟು ಸ್ಪಷ್ಟವಾಗಿ ಮೂಡಿದ್ದವು. ಸಹಿಯನ್ನು ನಕಲು ಮಾಡುವವರನ್ನು ಕಂಡಿದ್ದೇನೆ. ಈ ಅಂಚನ್ನು ನಕಲು ಮಾಡಬೇಕಾದರೆ ಅದೇ ಸೀರೆ ಬೇಕು.

ಸಾಲ ತೀರಿದಾಗ ಫಲಕವನ್ನು ಒಡೆಯುವುದು ಅವರ ಪದ್ಧತಿ. ಅಕ್ಕಾಡಿಯನ್ ಭಾಷೆಯಲ್ಲಿ 'ಫಲಕ ಒಡೆದರು' ಎಂದರೆ ಋಣ ಹರಿಯಿತು ಎಂದೇ ಅರ್ಥ. ನಾವು ಸಾಲ ತೀರಿದ ಪ್ರಾಮಿಸರಿ ನೋಟಿನ ಮೇಲೆ ಅಡ್ಡಗೆರೆ ಎಳೆದು ಗಿರಾಕಿಯ ಕೈಗೆ ಕೊಡುತ್ತಿದ್ದಂತೆ. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ನನಗೆ ಒಂದು ಲೋಟ ಕಾಫಿ ತಂದಿಟ್ಟು ಬಡ್ಡಿಸಮೇತ ಲೆಕ್ಕ ಚುಕ್ತಾ ಎಂದು ಸಾರಿದ ಮೇಲೆ, ತಿಂಗಳಿಡೀ ದುಡಿದ ಲಕೋಟೆಯನ್ನು ಅಡಕತ್ತರಿಯ ಹಿಡಿಯಿಂದ ಮೆಲ್ಲನೆ ತಟ್ಟಿದೆ. ಎರಡನೆಯ ಏಟಿಗೆ ಹೊದಿಕೆ ಸಿಪ್ಪೆಯಂತೆ ಬಿಟ್ಟುಕೊಂಡಿತು. ಒಳಗಿನ ಫಲಕದ ಬರಹ ಒಂದಿಷ್ಟೂ ಮಾಸಿರಲಿಲ್ಲ. ಸಿಪ್ಪೆಯ ಒಳಮೈ ನೋಡಿದರೆ ಅಲ್ಲಿಯೂ ಬರಹ! ಒಳಗಿನ ತಗ್ಗು ಬೆಣೆಗಳೆಲ್ಲ ಹೊದಿಕೆಯಲ್ಲಿ ಉಬ್ಬಾಗಿ, ಎಡಬಲ ಅದಲುಬದಲಾಗಿ ಅಚ್ಚೊತ್ತಿಕೊಂಡಿದ್ದವು. ಸಂಗ್ರಹಾಲಯಗಳಲ್ಲಿರುವ ಒಡೆದ ಲಕೋಟೆಗಳಲ್ಲೂ ಇಂಥ ಅಚ್ಚು ಉಳಿದಿರುತ್ತದೆಂದು ಓದಿದ್ದೆ. ನನ್ನ ಕೈಯಲ್ಲೇ ಆಗುತ್ತದೆಂದು ಎಣಿಸಿರಲಿಲ್ಲ. ಒಳಗಿನ ಫಲಕವನ್ನೇ ಬದಲಿಸಿ ಮೋಸ ಮಾಡಹೊರಟವನು ಈ ಅಚ್ಚನ್ನೂ ಹೊಂದಿಸಬೇಕಾಗುತ್ತದೆ.

ಸುಡದ ಮಣ್ಣಾದ್ದರಿಂದ ಉಳಿದ ಚೂರುಗಳನ್ನು ಬಕೆಟ್ಟಿನ ನೀರಿಗೆ ಹಾಕಿದೆ. ಅದೇ ನಾಡಿನ ನಿಪ್ಪೂರ್ ನಗರದಲ್ಲಿ ಕ್ರಿ.ಪೂ. 18ನೆಯ ಶತಮಾನದ ಪಾಠಶಾಲೆಯಾಗಿದ್ದ ಒಂದು ಮನೆಯೊಳಗೆ, ಹುಡುಗರು ಬರೆದು ಮುಗಿಸಿದ ಫಲಕಗಳನ್ನು ನೆನೆಸಿ ಮತ್ತೆ ಮಣ್ಣು ಮಾಡಿಕೊಳ್ಳುವುದಕ್ಕೆಂದೇ ಕಟ್ಟಿದ ತೊಟ್ಟಿಯೊಂದು ಸಿಕ್ಕಿದೆ. ನಮ್ಮ ಬಕೆಟ್ಟಿನಲ್ಲಿ ಸಂಜೆಯ ಹೊತ್ತಿಗೆ ಹತ್ತು ಶೆಕೆಲೂ ಎರಡು ಶೆಕೆಲ್ ಬಡ್ಡಿಯೂ ಕೆಸರಾಗಿದ್ದವು. ಸೆರಗಿನ ಗುರುತಿದ್ದ ಚೂರನ್ನು ಮಾತ್ರ ಹೆಂಡತಿ ಮೊದಲೇ ಎತ್ತಿಟ್ಟುಕೊಂಡಿದ್ದಳು.