ದಾದ್ರಾ ಗೊತ್ತಿದ್ದರೆ ಸಾಕು: ಐರಿಶ್ ಕೊಳಲನ್ನು ಕೇಳೋದು, ನುಡಿಸೋದು ಹೇಗೆ

ಯೂಟ್ಯೂಬ್‌ನಲ್ಲಿ ಸೆಲ್ಟಿಕ್ ಫ್ಲೂಟ್, ಅಂದರೆ ಐರ್ಲೆಂಡ್, ಸ್ಕಾಟ್ಲೆಂಡ್, ಫ್ರಾನ್ಸಿನ ಬ್ರಿಟನಿ ಕಡೆಯ ಕೊಳಲು, ಅಂತ ಹುಡುಕಿದರೆ ಮೊದಲು ಬರುವುದು ಮೂರು ತಾಸು, ಎಂಟು ತಾಸಿನ ವಿಡಿಯೋಗಳು. ಮಂಜು ಕವಿದ ಕಾಡಿನ ಚಿತ್ರ, ಒಂದು ಜಲಪಾತ, ಹಿಂದೆ ಕೀಬೋರ್ಡಿನ ಗುಂಯ್‌ ದನಿ, ಅದರ ಮೇಲೆ ನಿಧಾನಕ್ಕೆ ತೇಲುವ ಕೊಳಲು. ನಿದ್ದೆ ಬರಲಿ ಅಂತ ಹಾಕಿಕೊಳ್ಳುವವರು ಹಾಕಿಕೊಳ್ಳಲಿ, ತಪ್ಪೇನಿಲ್ಲ. ಆದರೆ ಈ ಸಂಗೀತ ನಿಮಗೆ ನಿಜವಾಗಿ ಹಿಡಿಸಬೇಕು ಅಂದರೆ ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಐರ್ಲೆಂಡಿನ ಕೊಳಲಿನ ಮಟ್ಟುಗಳಲ್ಲಿ ಹೆಚ್ಚಿನವು ಕುಣಿತಕ್ಕೆ ಹುಟ್ಟಿದವು. ಅಡುಗೆಮನೆಯಲ್ಲಿ, ಊರ ರಸ್ತೆ ಕೂಡುವ ಕಡೆ, ಮದುವೆ ಮನೆಯಲ್ಲಿ ಜನರ ಕಾಲು ಎತ್ತಿಸಲು ನುಡಿಸಿದ್ದು. ತಾಳ ಹಿಡಿಯದೆ ಕೇಳಿದರೆ ಅದರ ಅರ್ಧ ರುಚಿ ಹೋಗುತ್ತದೆ.

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಒಂದು ಅನುಕೂಲ ಇದೆ. ಶ್ರಾವಣದ ಭಜನೆಯಲ್ಲಿ ಕೂತವರಿಗೆ, ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ, ದಮ್ಮಡಿ, ತಾಳದ ಜೊತೆ ಕೇಳಿದವರಿಗೆ ಆರು ಮಾತ್ರೆಯ ನಡೆ (ದಾದ್ರಾ), ಎಂಟು ಮಾತ್ರೆಯ ನಡೆ (ಕೆಹರ್ವಾ) ಯಾರೂ ಕಲಿಸಬೇಕಿಲ್ಲ. ಕೈ ತಾನೇ ತೊಡೆ ತಟ್ಟುತ್ತದೆ. ಆ ಕೈಯನ್ನೇ ಇಲ್ಲೂ ಬಳಸಿ.

ಮೊದಲು ಜಿಗ್ ಅನ್ನುವ ಬಗೆಯ ಒಂದು ಕುಣಿತದ ಮಟ್ಟು ಹಿಡಿಯಿರಿ. ಒಂದೇ ಒಂದು ಸಾಕು. ನಾನು ಎಲ್ಲರಿಗೂ ಹೇಳುವುದು ಕೆಶ್ ಜಿಗ್. ಹೊಸಬರು ಕಲಿಯುವ ಮಟ್ಟುಗಳಲ್ಲಿ ಇದೂ ಒಂದು, ಆದರೆ ಹಳಬರೂ ಬಿಟ್ಟಿಲ್ಲ. ಬಾಥಿ ಬ್ಯಾಂಡ್ ಅನ್ನುವ ತಂಡದ 1975ರ ಮೊದಲ ಆಲ್ಬಮ್ ಶುರುವಾಗುವುದೇ ಇದರಿಂದ. ಅದನ್ನು ಹಾಕಿ, ತೊಡೆ ಮೇಲೆ ಧಾ ಧಿ ನಾ, ಧಾ ತೂ ನಾ ತಟ್ಟುತ್ತಾ ಹೋಗಿ. ಜಿಗ್ ಅಂದರೆ ಮೂರು ಮೂರರ ಎರಡು ಗುಂಪು, ಅಂದರೆ ನಮ್ಮ ದಾದ್ರಾದ ಲೆಕ್ಕವೇ, ಆದರೆ ಲಯ ತುಂಬಾ ದ್ರುತ. ಎರಡು ಸಲ ಕೇಳುವಷ್ಟರಲ್ಲಿ ಕೈ ಕೂತುಬಿಡುತ್ತದೆ.

ಕೈ ಕೂತ ಮೇಲೆ ಮಟ್ಟಿನ ಆಕಾರ ಹುಡುಕಿ. ಮೊದಲ ಭಾಗ ಎಂಟು ಆವರ್ತನ. ಅದನ್ನೇ ಇನ್ನೊಮ್ಮೆ ನುಡಿಸುತ್ತಾರೆ. ಆಮೇಲೆ ಎರಡನೇ ಭಾಗ, ಅದೂ ಎಂಟು, ಅದೂ ಎರಡು ಸಲ. ಒಟ್ಟು 32 ಆವರ್ತನ, ಕುಣಿತದ ವೇಗದಲ್ಲಿ ಸುಮಾರು ಅರ್ಧ ನಿಮಿಷ. ಎರಡನೇ ಭಾಗ ಸಾಮಾನ್ಯವಾಗಿ ಮೇಲಿನ ಸಪ್ತಕದ ಕಡೆ ಹತ್ತುತ್ತದೆ, ನಮ್ಮ ಬಂದಿಶಿನ ಎರಡನೇ ಭಾಗ ಅಂತರಾ ಹತ್ತುವ ಹಾಗೆಯೇ. ಇಷ್ಟಾದ ಮೇಲೆ ಪೂರ್ತಿ ಮಟ್ಟು ಮತ್ತೆ ಮೊದಲಿನಿಂದ. ಎರಡು ಮೂರು ಸಲ ಹೀಗೆ ಸುತ್ತಿ, ನಿಲ್ಲಿಸದೆ ಇನ್ನೊಂದು ಮಟ್ಟಿಗೆ ಜಿಗಿಯುತ್ತಾರೆ. ಹೀಗೆ ಎರಡೋ ಮೂರೋ ಮಟ್ಟು ಪೋಣಿಸಿದ್ದಕ್ಕೆ ಸೆಟ್ ಅನ್ನುತ್ತಾರೆ. ಆ ಜಿಗಿತದ ಕ್ಷಣವನ್ನು ಕಾಯ್ದು ಕೇಳಿ. ಒಂದು ಆಧಾರ ಸ್ವರದಿಂದ ಇನ್ನೊಂದಕ್ಕೆ ಹೊರಳಿದಾಗ ಕೂತವರು ಹೋ ಅಂತ ಕೂಗುವುದು ಲೈವ್ ರೆಕಾರ್ಡಿಂಗ್‌ಗಳಲ್ಲಿ ಕೇಳುತ್ತದೆ, ಹೊಸಬರಿಗೆ ಅದು ಯಾಕೆ ಅಂತ ಗೊತ್ತಾಗುವುದಿಲ್ಲ, ನಿಮಗೆ ಈಗ ಗೊತ್ತಾಯಿತು.

ತಾಳ ಕೂತು ಆಕಾರ ಸಿಕ್ಕಿದ ಮೇಲೆ ಬಹಳ ಜನ ಕೇಳುವ ಪ್ರಶ್ನೆ ಒಂದಿದೆ. ಅದೇ ಅದೇ ಬರುತ್ತದಲ್ಲ, ಬೇಜಾರಾಗೋದಿಲ್ವಾ? ನಮ್ಮ ಖಯಾಲ್ ಕೇಳಿದ ಕಿವಿಗೆ ಈ ಪ್ರಶ್ನೆ ಸಹಜ. ಅಲ್ಲಿ ರಾಗ ಬೆಳೆಯುತ್ತದೆ, ಇಲ್ಲಿ ಮಟ್ಟು ಸುತ್ತುತ್ತದೆ. ಆದರೆ ಪ್ರತಿ ಸುತ್ತಿನಲ್ಲೂ ಒಳ್ಳೆಯ ಕೊಳಲುಗಾರ ಏನೋ ಒಂದು ಬದಲಿಸಿರುತ್ತಾನೆ. ಹೋದ ಸಲ ಉದ್ದಕ್ಕೆ ಹಿಡಿದ ಸ್ವರವನ್ನು ಈ ಸಲ ಮೂರು ತುಂಡು ಮಾಡುತ್ತಾನೆ, ಕೆಳಗಿನ ಸ್ವರದ ಬದಲು ಅದರ ಮೇಲಿನ ಸಪ್ತಕ ಹಿಡಿಯುತ್ತಾನೆ, ಒಂದು ಕಡೆ ಸ್ವರವನ್ನೇ ಬಿಟ್ಟು ಉಸಿರು ತೆಗೆದುಕೊಳ್ಳುತ್ತಾನೆ. ಮಟ್ಟನ್ನು ನೀವು ಮನಸ್ಸಲ್ಲೇ ಗುನುಗುವಷ್ಟು ಪರಿಚಯ ಮಾಡಿಕೊಂಡಿದ್ದರೆ ಮಾತ್ರ ಈ ಬದಲಾವಣೆ ಕಿವಿಗೆ ಬೀಳುತ್ತದೆ. ಅದಕ್ಕೇ ನಾನು ನೂರು ಹಾಡಿನ ಪ್ಲೇಲಿಸ್ಟ್ ಬೇಡ, ಒಂದೇ ಮಟ್ಟನ್ನು ಬೇರೆ ಬೇರೆಯವರು ನುಡಿಸಿದ್ದನ್ನು ಕೇಳಿ ಅಂತ ಹಟ ಹಿಡಿಯುವುದು. ಈ ಸಂಗೀತದ ಸೊಗಸೆಲ್ಲ ಆ ಸಣ್ಣ ಬದಲಾವಣೆಗಳಲ್ಲಿದೆ ಅಂತ ನನಗೆ ಗಟ್ಟಿ ನಂಬಿಕೆ.

ಇನ್ನು ಕೊಳಲಿನ ದನಿ. ಇದು ಆರ್ಕೆಸ್ಟ್ರಾದ ಬೆಳ್ಳಿ ಬಣ್ಣದ ಕೀಲಿಗಳ ಫ್ಲೂಟ್ ಅಲ್ಲ. ಮರದ್ದು, ಬೆರಳಿಗೆ ಆರು ತೂತು, ನಮ್ಮ ಬಾನ್ಸುರಿಯ ಹಾಗೆ ಅಡ್ಡ ಹಿಡಿಯುವುದು. ಒಳಗಿನ ಕೊಳವೆ ಮಾತ್ರ ತುದಿಗೆ ಹೋದ ಹಾಗೆ ಕಿರಿದಾಗುತ್ತದೆ. ಜರ್ಮನಿಯ ಥಿಯೋಬಾಲ್ಡ್ ಬೋಮ್ 1847ರಲ್ಲಿ ಕೀಲಿಗಳಿರುವ ಹೊಸ ಬಗೆಯ ಫ್ಲೂಟ್ ತಂದ ಮೇಲೆ ಶಾಸ್ತ್ರೀಯ ಸಂಗೀತದವರು ನಿಧಾನಕ್ಕೆ ಅದರ ಕಡೆ ಹೋದರು. ಹಳೇ ಮರದ ಕೊಳಲುಗಳು ಅಗ್ಗವಾಗಿ ಸಿಗತೊಡಗಿದವು, ಹಳ್ಳಿಯವರ ಕೈಗೆ ಬಂದವು. ಐರ್ಲೆಂಡಿನ ಸ್ಲೈಗೋ, ರೋಸ್‌ಕಾಮನ್, ಲೀಟ್ರಿಂ ಜಿಲ್ಲೆಗಳು ಇವತ್ತಿಗೂ ಕೊಳಲಿಗೇ ಹೆಸರುವಾಸಿ. ದೊಡ್ಡವರು ಬಿಟ್ಟ ವಾದ್ಯವನ್ನು ರೈತಾಪಿ ಜನ ಎತ್ತಿಕೊಂಡು ತಮ್ಮದೇ ಮಾತು ಆಡಿಸಿದರು, ಈ ಕಥೆ ನನಗೆ ತುಂಬಾ ಇಷ್ಟ.

ಆ ಮಾತು ಎಲ್ಲಿ ಕೇಳುತ್ತದೆ ಅಂದರೆ ಮೂರು ಕಡೆ. ಒಂದು, ಕೆಳಗಿನ ಸ್ವರ. ಆರೂ ತೂತು ಮುಚ್ಚಿ ಊದುವ ಆ ಸ್ವರವನ್ನು ಮೆತ್ತಗೆ ಊದುವುದಿಲ್ಲ, ಒತ್ತಿ ಊದುತ್ತಾರೆ, ಒರಟಾಗಿ, ಸ್ವಲ್ಪ ಪೀಪಿ ಸೇರಿದ ಹಾಗೆ ಬರುತ್ತದೆ. ಇನ್ನೊಂದು, ಉಸಿರು. ಸ್ಟುಡಿಯೋದಲ್ಲಿ ಅಳಿಸಿ ಹಾಕುವ ಶಬ್ದ ಅಲ್ಲ ಅದು, ತಾಳದ ಒಂದು ಭಾಗ. ಲೀಟ್ರಿಂನಿಂದ ನ್ಯೂಯಾರ್ಕಿಗೆ ಹೋಗಿ 1920ರ ದಶಕದಲ್ಲಿ ರೆಕಾರ್ಡ್ ಕೊಟ್ಟ ಜಾನ್ ಮೆಕೆನ್ನಾ ಅವರನ್ನು ಕೇಳಿ, ಹಳೇ ತಟ್ಟೆಯ ಗರಗರದ ಮಧ್ಯೆಯೂ ಆ ಉಸಿರಿನ ಹೊಡೆತ ಎದೆಗೆ ತಾಗುತ್ತದೆ. ಮೂರನೆಯದು ಬೆರಳಿನ ಆಟ. ನಮ್ಮ ಬಾನ್ಸುರಿಯ ಜೀವ ಮೀಂಡಿನಲ್ಲಿದೆ, ಬೆರಳು ಜಾರಿಸಿ ಸ್ವರದಿಂದ ಸ್ವರಕ್ಕೆ ಹೋಗುತ್ತೇವೆ. ಕುಣಿತದ ಮಟ್ಟುಗಳಲ್ಲಿ ಅವರು ಜಾಸ್ತಿ ಜಾರುವುದಿಲ್ಲ. ಸ್ವರ ಹಿಡಿದು, ಮೇಲಿನ ಬೆರಳೊಂದನ್ನು ಛಕ್ಕನೆ ಎತ್ತಿ ಇಳಿಸಿ, ಮತ್ತೆ ಅದೇ ಸ್ವರ, ಆಮೇಲೆ ಕೆಳಗಿನ ತೂತಿಗೆ ಒಮ್ಮೆ ತಟ್ಟಿ, ಮತ್ತೆ ಅದೇ ಸ್ವರ. ಇಷ್ಟೂ ಸೇರಿದರೆ ಅವರು ರೋಲ್ ಅನ್ನುವ ಅಲಂಕಾರ. ಬೆರಳು ಎಷ್ಟು ಬೇಗ ಓಡುತ್ತದೆ ಅಂದರೆ ನಡುವಿನ ಸ್ವರಗಳ ಹೆಸರು ಹೇಳಲಾಗುವುದಿಲ್ಲ, ಒಂದು ಗುಡುಗು ಹೊರಳಿದ ಹಾಗೆ ಕೇಳುತ್ತದೆ ಅಷ್ಟೇ.

ಹಾರ್ಮೋನಿಯಂ ಮನೆಯಲ್ಲಿದ್ದವರು ಥಾಟ್, ಅಂದರೆ ಮಟ್ಟಿಗೆ ಬಳಸಿದ ಏಳು ಸ್ವರಗಳ ಗುಂಪು, ಗುರುತಿಸಿ ನೋಡಿ. ಐರಿಶ್ ಮಟ್ಟುಗಳು ಹೆಚ್ಚಾಗಿ ಬಿಲಾವಲ್, ಖಮಾಜ್, ಕಾಫಿ ಥಾಟಿನ ಸ್ವರಗಳಲ್ಲೇ ಇರುತ್ತವೆ. ರಾಗ ಅಂತ ಅಂದುಕೊಳ್ಳಬೇಡಿ, ರಾಗದ ನಡೆ ಬೇರೆ. ಸ್ವರಗಳ ಗುಂಪು ಅದೇ, ಅಷ್ಟೇ. ಆದರೂ ಕೋಮಲ ಗಾಂಧಾರ, ಕೋಮಲ ನಿಷಾದ ಇರುವ ಒಂದು ರೀಲ್ (ಎಂಟರ ನಡೆಯ ಕುಣಿತದ ಮಟ್ಟು) ಬಂದಾಗ ನಮ್ಮ ಕಿವಿ ಅದನ್ನು ಹೊರಗಿನದು ಅಂತ ದೂರ ಇಡುವುದಿಲ್ಲ.

ಈಗ ನುಡಿಸುವ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಅಂಗಡಿಯಲ್ಲಿ ತಪ್ಪು ಕೊಳಲು ಕೊಟ್ಟು ಕಳಿಸುವುದು ಮಾಮೂಲು. ಐರಿಶ್ ಕೊಳಲು ಡಿ ಸ್ಕೇಲಿನದು. ಹಾಗಂತ ನೀವು ಡಿ ಬಾನ್ಸುರಿ ಕೇಳಿ ತಂದರೆ ಹೊಂದುವುದಿಲ್ಲ. ಅವರು ಆರೂ ತೂತು ಮುಚ್ಚಿದಾಗ ಬರುವ ಸ್ವರದಿಂದ ಕೊಳಲಿಗೆ ಹೆಸರಿಡುತ್ತಾರೆ, ನಾವು ಮೂರು ಮುಚ್ಚಿದಾಗ ಬರುವ ಷಡ್ಜದಿಂದ. ಆದ್ದರಿಂದ ನಿಮಗೆ ಬೇಕಾದದ್ದು ಜಿ ಬಾನ್ಸುರಿ, ಮೀಡಿಯಂ. ಅದರಲ್ಲಿ ಆರೂ ಮುಚ್ಚಿದರೆ ಮಂದ್ರ ಪಂಚಮ, ಅದೇ ಅವರ ಡಿ. ಫೋನಿನಲ್ಲಿ ಒಂದು ಟ್ಯೂನರ್ ಆ್ಯಪ್ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಆರೂ ಮುಚ್ಚಿ ಊದಿ, ಡಿ ತೋರಿಸಿದರೆ ಬರೋಬರಿ. ಆಮೇಲೆ ಒಂದೊಂದೇ ಬೆರಳು ಎತ್ತುತ್ತಾ ಹೋದರೆ ಎರಡೂ ಕೊಳಲಿನಲ್ಲಿ ಒಂದೇ ಸ್ವರಗಳು ಬರುತ್ತವೆ. ಸಮುದ್ರದಾಚೆಯ ಅವರ ಪಾಠದ ವಿಡಿಯೋ ನೋಡುತ್ತಾ ನಮ್ಮ ಬಿದಿರಿನಲ್ಲೇ ಬೆರಳಿಗೆ ಬೆರಳು ಕೂಡಿಸಬಹುದು, ದುಬಾರಿ ಮರದ ಕೊಳಲು ತರಿಸುವ ಗೋಜು ಬೇಡ.

ಕೆಶ್ ಜಿಗ್ಗನ್ನೇ ತೆಗೆದುಕೊಳ್ಳಿ. ಜಿ ಯನ್ನು ಸಾ ಮಾಡಿಕೊಂಡರೆ ಶುರು ಹೀಗೆ: ಸಾ ರೆ ಸಾ, ಸಾ ರೆ ಗ. ರೆ ಗ ರೆ, ರೆ ಗ ಪ. ಧ ಪ ಪ, ಸಾ ಪ ಪ. ಧ ಪ ಗ, ಪ ಗ ರೆ. ಇದರಲ್ಲಿ ಮೂರನೇ ಸಾಲಿನ ಸಾ ತಾರ ಷಡ್ಜ. ನೋಡಿ, ಎಲ್ಲವೂ ಭೂಪ ರಾಗದ ಸ್ವರಗಳು. ಮೊದಲ ಭಾಗ ಮುಗಿಯುವಾಗ ಒಂದೇ ಒಂದು ಸಲ ಶುದ್ಧ ನಿಷಾದ ಮುಟ್ಟಿ ಸಾ ಗೆ ಬರುತ್ತದೆ. ಒಬ್ಬೊಬ್ಬರು ಒಂದೆರಡು ಸ್ವರ ಆಚೀಚೆ ಮಾಡಿ ನುಡಿಸುತ್ತಾರೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೊದಲು ಅಲಂಕಾರ ಯಾವುದೂ ಬೇಡ, ದಾದ್ರಾ ಠೇಕಾ ಹಾಕಿಕೊಂಡು ನಿಧಾನಕ್ಕೆ, ಸುಮ್ನೆ ಸ್ವರಗಳನ್ನಷ್ಟೇ ನುಡಿಸಿ. ಪ್ರತಿ ಸ್ವರಕ್ಕೂ ನಾಲಿಗೆ ತಾಗಿಸಿ ತು ತು ಅನ್ನಬೇಡಿ, ಉಸಿರು ಒಂದೇ ಸಮ ಹರಿಯಲಿ, ಮೂರರ ಗುಂಪಿನ ಮೊದಲ ಸ್ವರಕ್ಕೆ ಮಾತ್ರ ಒಂಚೂರು ಒತ್ತು ಕೊಡಿ. ಒತ್ತು ಸರಿ ಬಿದ್ದರೆ ರೋಲ್ ಇಲ್ಲದೆಯೂ ಜಿಗ್ ಜಿಗ್ಗೇ. ಒತ್ತು ಇಲ್ಲದಿದ್ದರೆ ಎಷ್ಟು ಅಲಂಕಾರ ತುಂಬಿದರೂ ಅದು ಸ್ವರಾಭ್ಯಾಸದ ಹಾಗೆ ಕೇಳುತ್ತದೆ.

ಉಸಿರಿಗೆ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಿ. ಮಟ್ಟಿನಲ್ಲಿ ಬಿಡುವಿಲ್ಲ, ಆದ್ದರಿಂದ ಯಾವುದೋ ಒಂದು ಸ್ವರವನ್ನು ಬಿಡಲೇಬೇಕು. ಒತ್ತು ಬೀಳುವ ಸ್ವರ ಬಿಡಬೇಡಿ, ಗುಂಪಿನ ಎರಡನೆಯದೋ ಮೂರನೆಯದೋ ಬಿಡಿ. ಮತ್ತೆ ಒಂದು ಮಾತು: ನಮ್ಮ ಮೇ ತಿಂಗಳ ಬಿಸಿಲಿಗೆ ಬಿದಿರು ಸೀಳುತ್ತದೆ. ಕಿಟಕಿ ಪಕ್ಕ, ಬೈಕಿನ ಡಿಕ್ಕಿಯಲ್ಲಿ ಕೊಳಲು ಇಡಬೇಡಿ. ಆಗಾಗ ಒಳಗೆ ಹೊರಗೆ ತೆಳುವಾಗಿ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಡಿ.

ಜಿಗ್ ರುಚಿ ಹತ್ತಿದ ಮೇಲೆ ರೀಲ್‌ಗೆ ಹೋಗಿ, ಅದು ಎಂಟರ ನಡೆ, ಕೆಹರ್ವಾ ಹಾಕಿಕೊಂಡು ಕೇಳಬಹುದು. ಸ್ಲಿಪ್ ಜಿಗ್ ಅಂತ ಇನ್ನೊಂದಿದೆ, ತಕಿಟ ತಕಿಟ ತಕಿಟ, ಒಂಬತ್ತು. ಇದು ಮೊದಲಿಗೆ ಕಾಲು ಎಡವಿಸುತ್ತದೆ, ಆಮೇಲೆ ಬಿಡುವುದಿಲ್ಲ. ಸ್ಲೋ ಏರ್ ಅನ್ನುವುದಕ್ಕೆ ತಾಳವೇ ಇಲ್ಲ, ಹಳೇ ಐರಿಶ್ ಹಾಡುಗಳ ರಾಗವನ್ನು ಕೊಳಲಿನಲ್ಲಿ ಎಳೆದು ನುಡಿಸುವುದು. ಇಲ್ಲಿ ಮಾತ್ರ ಸ್ವರಗಳು ಜಾರುತ್ತವೆ, ಆಲಾಪ ಕೇಳುವ ತಾಳ್ಮೆ ಇರುವವರಿಗೆ ಇದು ನೇರ ಒಳಗಿಳಿಯುತ್ತದೆ.

ಯಾರನ್ನು ಕೇಳಬೇಕು? ಮೊದಲ ಹೆಸರು ಮ್ಯಾಟ್ ಮೊಲಾಯ್. 1947ರಲ್ಲಿ ರೋಸ್‌ಕಾಮನ್ನಿನಲ್ಲಿ ಹುಟ್ಟಿದವರು, ಆ ಬಾಥಿ ಬ್ಯಾಂಡಿನ ಕೊಳಲು ಅವರದೇ, 1979ರಲ್ಲಿ ಚೀಫ್ಟನ್ಸ್ ತಂಡ ಸೇರಿದರು. ಎಷ್ಟು ವೇಗದಲ್ಲೂ ಒಂದು ಸ್ವರವೂ ಮಸುಕಾಗುವುದಿಲ್ಲ. ಲೂನಸ ತಂಡದ ಕೆವಿನ್ ಕ್ರಾಫರ್ಡ್, ಮ್ಯಾಂಚೆಸ್ಟರಿನ ಮೈಕೆಲ್ ಮೆಕ್‌ಗೋಲ್ಡ್ರಿಕ್ ಇವರನ್ನೂ ಕೇಳಿ. ಫ್ಲೂಕ್ ತಂಡ ನನಗೆ ಎಲ್ಲಕ್ಕಿಂತ ಇಷ್ಟ: ಬ್ರಯನ್ ಫಿನೆಗನ್, ಸಾರಾ ಆ್ಯಲನ್ ಇಬ್ಬರ ಊದುವಿಕೆ, ಒಂದು ಗಿಟಾರ್, ಜೊತೆಗೆ ಬೌರಾನ್. ಬೌರಾನ್ ಅಂದರೆ ಆಡಿನ ಚರ್ಮ ಬಿಗಿದ ಬಳೆಯ ವಾದ್ಯ. ನಮ್ಮ ದಮ್ಮಡಿ ನೋಡಿದವರಿಗೆ ಪರಿಚಯದ ಮುಖ, ಆದರೆ ಹೆಚ್ಚಾಗಿ ಚಿಕ್ಕ ಕೋಲಿನಿಂದ ಬಾರಿಸುತ್ತಾರೆ, ಇನ್ನೊಂದು ಕೈ ಹಿಂದಿನಿಂದ ಚರ್ಮ ಒತ್ತಿ ದನಿ ಏರಿಳಿಸುತ್ತದೆ. ಫ್ರಾನ್ಸಿನ ಬ್ರಿಟನಿಯ ಕಡೆ ಹೋಗಬೇಕು ಅನಿಸಿದರೆ ಜಾನ್ ಮಿಶೆಲ್ ವೆಯೋಂ. ಆ ನಾಡಿನ ಹಾಡಿಕೆಯಲ್ಲಿ ಒಬ್ಬರು ಸಾಲು ಮುಗಿಸುವ ಮೊದಲೇ ಇನ್ನೊಬ್ಬರು ಅದರ ಬಾಲ ಹಿಡಿದು ಮುಂದುವರಿಸುತ್ತಾರೆ. ನಮ್ಮ ಭಜನೆ ಮೇಳದಲ್ಲಿ ಹಿಮ್ಮೇಳದವರಾಗಿ ಕೂತವರಿಗೆ ಅದರ ಮಜಾ ಬೇಗ ಗೊತ್ತಾಗುತ್ತದೆ.

ಬೀದರ್ ರೈಲಿನಲ್ಲಿ ಹೋಗುವಾಗ ಫೋನಿನಲ್ಲಿ ಕೇಳುವವರು ಒಂದು ಕೆಲಸ ಮಾಡಿ, ವೇಗವನ್ನು 0.75ಕ್ಕೆ ಇಳಿಸಿ. ರೋಲ್ ಬಿಚ್ಚಿಕೊಳ್ಳುತ್ತದೆ, ಉಸಿರು ಎಲ್ಲಿ ಕದ್ದರು ಅಂತ ಕಾಣುತ್ತದೆ. ನಂತರ ಮೂಲ ವೇಗಕ್ಕೆ ತನ್ನಿ. ಮನೆಗೆ ಬಂದ ಮೇಲೆ ಒಬ್ಬರೇ ನುಡಿಸುತ್ತಾ ಕೂರಬೇಡಿ, ಭಜನೆಯ ತಬಲಾದವರನ್ನೋ ಢೋಲಕಿನವರನ್ನೋ ಕರೆಯಿರಿ, ದಾದ್ರಾ ದ್ರುತದಲ್ಲಿ ಹಿಡೀರಿ ಅನ್ನಿ, ಬೇರೆ ಏನೂ ವಿವರಿಸಬೇಕಿಲ್ಲ.